ಮಲ್ಲಿಗೆ ಇಲ್ಲದ ಕುಬಸ

ಆ ಬೇಸಿಗೆಯಲ್ಲಿ ಇಡೀ ಹೂವಿನಹಡಗಲಿಯಲ್ಲಿ ಮಲ್ಲಿಗೆಗೆ ಪ್ರವೇಶವಿಲ್ಲದ ಮನೆ ಎಂದರೆ ಒಂದೇ ಒಂದು. ಅದು ಮಲ್ಲಿಗೆ ವ್ಯಾಪಾರಿ ಪಾಲಾಕ್ಷನ ಮನೆ.

ನಸುಕಿನಲ್ಲಿ ತೋಟಗಳಿಂದ ಬಂದ ಮೊಗ್ಗನ್ನು ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಹೊಸಪೇಟೆಗೂ ದಾವಣಗೆರೆಗೂ ಹೋಗುವ ಬಸ್ಸುಗಳ ನೆತ್ತಿಗೇರಿಸುವುದು ಅವನ ಉದ್ಯೋಗ. ಈ ಸೀಮೆಯ ಹೆಂಗಸರ ತಲೆಗಳೆಲ್ಲ ತನ್ನ ಕೃಪೆಯಿಂದಲೇ ಘಮಘಮಿಸುತ್ತಿವೆ ಎಂದು ಅವನು ನಂಬಿದ್ದ. ಹಾಗೆಯೇ ಲೋಕದಲ್ಲಿ ತನಗೆ ತಿಳಿಯದ ವಿಷಯವೇ ಇಲ್ಲವೆಂದೂ ನಂಬಿದ್ದ. (ತಿಳಿಯದ್ದೇನಾದರೂ ಎದುರಾದರೆ ಅದು ಲೋಕದ ತಪ್ಪೆಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದ.) ಅಂಥವನು ತನಗೆ ಅನ್ನ ಹಾಕುವ ಹೂವಿನ ಮೇಲೆಯೇ ಸಮರ ಸಾರಿದ್ದಕ್ಕೆ ಕಾರಣ ಹೆಂಡತಿ ಅಮೃತಾ ಆಡಿದ ಒಂದು ಮಾತು.

ಅಮೃತಾ ಚೊಚ್ಚಲ ಬಸುರಿ. ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಒಂದು ಸಂಜೆ ಸೊಂಟಕ್ಕೆ ಕೈಕೊಟ್ಟುಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದವಳು ತಟ್ಟನೆ ನಿಂತಳು.

"ರೀ, ಕೊಟ್ಟೂರಾಗ ನಮ್ಮ ದೊಡ್ಡಪ್ಪನ ಮಗಳಿಗೆ ಎದಿಹಾಲು ಸಾಲವಲ್ದಂತ. ಕೂಸು ಅತ್ತು ಅತ್ತು ಸೊರಗೇತಂತ. ನನಗೂ ಹಂಗ ಆದ್ರ ಏನ್ ಮಾಡೋದ್ರಿ?"

ಅವಳ ಕಣ್ಣು ತುಂಬಿತ್ತು. ಹೆಂಡತಿ ಎಂದರೆ ಪಾಲಾಕ್ಷನಿಗೆ ಜೀವ. "ನಾ ಇರೋತನ ನೀ ಯಾಕ ಚಿಂತಿ ಮಾಡ್ತಿ?" ಎಂದು ಎದೆ ತಟ್ಟಿ ಹೇಳಿದ. ಆ ವಿಷಯದಲ್ಲಿ ಅವನ ಎದೆ ತಟ್ಟಿ ಏನು ಪ್ರಯೋಜನ ಎಂದು ಅವಳು ಕೇಳಲಿಲ್ಲ.

ಮರುದಿನ ತಪಾಸಣೆಗೆ ಹೋದಾಗ ದವಾಖಾನೆಯ ನರ್ಸಮ್ಮನನ್ನು ಅವನೇ ಮುಂದಾಗಿ ವಿಚಾರಿಸಿದ. ಎದೆಹಾಲಿಗೆ ಈಗಿನಿಂದಲೇ ಏನೇನು ತಯಾರಿ ಮಾಡಬೇಕು, ಏನು ತಿಕ್ಕಬೇಕು, ಏನು ಹಚ್ಚಬೇಕು?

"ಏನೂ ತಿಕ್ಕಬ್ಯಾಡ್ರಿ, ಏನೂ ಹಚ್ಚಬ್ಯಾಡ್ರಿ," ಎಂದಳು ನರ್ಸಮ್ಮ. "ಮೈ ತನ್ನಷ್ಟಕ್ಕ ತಾನ ತಯಾರಾಗ್ತತಿ. ಹೊಟ್ಟಿ ತುಂಬ ಊಟ, ನೀರು, ನಿದ್ದಿ, ಸಂಜಿಮುಂದ ಒಂದಿಷ್ಟು ಅಡ್ಡಾಡೋದು, ಅಷ್ಟ. ಹುಟ್ಟಿದ ಕೂಡ್ಲೆ ಕೂಸನ್ನ ಎದಿಗೆ ಹಚ್ರಿ. ಮೊದಲಿನ ಹಳದಿ ಹಾಲು ಚೆಲ್ಲಬ್ಯಾಡ್ರಿ. ಕೂಸು ಕುಡದಂಗ ಕುಡದಂಗ ಹಾಲು ಇಳೀತತಿ."

ಅಮೃತಾಳ ಮುಖ ಅರಳಿತು. ಪಾಲಾಕ್ಷನ ಮುಖ ಬಾಡಿತು. ಅಷ್ಟು ದೊಡ್ಡ ಸಮಸ್ಯೆಗೆ ಇಷ್ಟು ಸಣ್ಣ ಉತ್ತರವೇ? ಎಂಥ ಗಂಟನ್ನೂ ಬಿಚ್ಚಬಲ್ಲ ತನ್ನಂಥವನಿಗೆ ಇದರಲ್ಲಿ ಕೆಲಸವೇ ಇಲ್ಲವೇ?

ಕೆಲಸವನ್ನು ಅವನೇ ಹುಟ್ಟಿಸಿಕೊಂಡ. ಬೆಳಗ್ಗೆ ಸಬ್ಬಸಿಗೆ, ಮಧ್ಯಾಹ್ನ ಸಬ್ಬಸಿಗೆ, ರಾತ್ರಿ ಬೆಳ್ಳುಳ್ಳಿ ಹಾಕಿದ ಸಬ್ಬಸಿಗೆ. ಹೆರಿಗೆ ಹಗುರಾಗಲೆಂದು ಅಮೃತಾಳನ್ನು ಚಕ್ಕಂಬಕ್ಕಳ ಕೂರಿಸಿ, ಉಸಿರು ಎಳೆದು ಬಿಡು ಎಂದು ತಾನೇ ಎದುರಿಗೆ ಕುಳಿತು ಎಳೆದು ಬಿಟ್ಟ. ಹಾಲೂಡಿಸುವ ಅಭ್ಯಾಸಕ್ಕೆ ದಿಂಬೊಂದನ್ನು ಕೂಸು ಮಾಡಿಕೊಟ್ಟ. ಅಭ್ಯಾಸ ಮಾಡುತ್ತ ಮಾಡುತ್ತ ಅವಳಿಗೆ ನಿದ್ದೆ ಹತ್ತಿದರೆ ದಿಂಬನ್ನು ತಾನೇ ಹೆಗಲಿಗೆ ಹಾಕಿಕೊಂಡು, ತೇಗು ಬರಲೆಂದು ಬೆನ್ನು ತಟ್ಟುತ್ತಿದ್ದ. (ದಿಂಬು ಒಮ್ಮೆಯೂ ತೇಗಲಿಲ್ಲ. ಅವನು ಬೇಸರ ಮಾಡಿಕೊಳ್ಳಲೂ ಇಲ್ಲ.)

ಇಷ್ಟಕ್ಕೇ ನಿಂತಿದ್ದರೆ ಕಥೆ ಸುಖಾಂತ್ಯವಾಗುತ್ತಿತ್ತು. ಆದರೆ ಅವನ ಕಟ್ಟೆಯ ಮೇಲೆ ಹೂ ಕಟ್ಟಲು ಬರುವ ಮುದುಕಿ ಎರ್ರೆಮ್ಮ ಒಂದು ಬೆಳಗ್ಗೆ ಪಕ್ಕದವಳಿಗೆ ಹೀಗೆ ಹೇಳುತ್ತಿದ್ದಳು: "ಕೂಸು ಹಾಲು ಬಿಡವಲ್ದಂದ್ರ ಎದಿಗೆ ಮಲ್ಲಿಗಿ ದಂಡಿ ಬಿಗದು ಕಟ್ಟಬೇಕವ್ವ. ಹಾಲು ಬತ್ತತತಿ. ಹಿಂದಕ ಎಲ್ಲಾರೂ ಹಂಗ ಮಾಡ್ತಿದ್ವಿ."

ಮೊಗ್ಗು ಅಳೆಯುತ್ತಿದ್ದ ಪಾಲಾಕ್ಷನ ಕೈಯಿಂದ ಮಾಪು ಜಾರಿ ಬಿತ್ತು. ಅವನ ಮಹಾಮೇಧಾಶಕ್ತಿ ಒಮ್ಮೆಲೇ ಎದ್ದು ಕೂತಿತು. ಎದೆಗೆ ಕಟ್ಟಿದರೆ ಬತ್ತುವ ಹಾಲು, ಎದೆಯಿಂದ ಗೇಣು ದೂರದ ಜಡೆಗೆ ಮುಡಿದರೆ ಉಳಿದೀತೇ? ಮೂಗಿನಿಂದ ಒಳಗೆ ಹೋದ ಘಮ ಎಲ್ಲಿಗೆ ಹೋಗುತ್ತದೆ? ಎದೆಗೇ ಅಲ್ಲವೇ? ಕೊಟ್ಟೂರಿನ ಆ ದೊಡ್ಡಪ್ಪನ ಮಗಳು ದಿನಾ ಮಾರುದ್ದ ಮಲ್ಲಿಗೆ ಮುಡಿಯುವವಳೇ ಅಲ್ಲವೇ? ಎಲ್ಲವೂ ತಾಳೆಯಾಯಿತು.

ಅಂದಿನಿಂದ ಮನೆಯಲ್ಲಿ ಮಲ್ಲಿಗೆ ಬಂದ್. ದೇವರ ಪಟಗಳಿಗೆ ದಾಸವಾಳ ಬಂತು. ಮೈಗೆ ಹೂವಿನ ವಾಸನೆ ಅಂಟಿರುತ್ತದೆಂದು ಅವನು ಹಿತ್ತಲ ಬಾಗಿಲಿಂದ ಬಂದು, ಮಿಂದು, ಮಡಿಯುಟ್ಟವನಂತೆ ಒಳಗೆ ಕಾಲಿಡತೊಡಗಿದ. ರಾತ್ರಿ ಮಲಗುವುದೂ ಪಡಸಾಲೆಗೆ ಬಂತು. ತಾಯಿ ಶಿವಮ್ಮ ಇದೇನೆಂದು ಕೇಳಿದಾಗ, ಎದೆಹಾಲಿನ ಮಾತನ್ನು ಹಡೆದವ್ವನೊಂದಿಗೆ ಆಡಲು ನಾಚಿ, "ಅಕಿಗೆ ಮಲ್ಲಿಗಿ ವಾಸನಿಗೆ ತಲಿನೋವು ಬರ್ತತಿ ಬೇ," ಎಂದು ತೇಲಿಸಿಬಿಟ್ಟ. ಅಮೃತಾಳಿಗೆ ಮಾತ್ರ ನಿಜ ಹೇಳಿದ.

ಅವಳು ಒಂದು ಗಳಿಗೆ ಹೆದರಿದಳು. ಆಮೇಲೆ ಸಿಟ್ಟಾದಳು.

"ಮದುವ್ಯಾಗ ಏನಂದ್ರಿ? ಈಗ ಮಲ್ಲಿಗಿ ಕಾಲ ಅಲ್ಲ, ಕನಕಾಂಬರ ಮುಡಕೋ, ಕುಬಸಕ್ಕ ಮೊಗ್ಗಿನ ಜಡಿ ಹಾಕಿಸಿ ಫೋಟೋ ತಗಸ್ತೀನಿ ಅಂದ್ರಿ. ಮಲ್ಲಿಗಿ ವ್ಯಾಪಾರದವ್ರ ಮನಿಗೆ ಸೊಸಿಯಾಗಿ ಬಂದೀನಿ. ಈಗ ಊರ ತುಂಬ ಮೊಗ್ಗು ಐತಿ, ನನ್ನ ತಲಿಗಿಲ್ಲ!"

"ಜಡಿ ದೊಡ್ದೋ, ನಮ್ಮ ಕೂಸಿನ ಹಾಲು ದೊಡ್ದೋ?"

"ನರ್ಸಮ್ಮ ಹೇಳ್ಲಿಲ್ಲೇನು?"

"ಅಕಿ ಔಷಧ ಓದ್ಯಾಳ. ಹೂವು ಓದಿಲ್ಲ."

"ನೋಡ್ರಿ, ಮೊಗ್ಗಿನ ಜಡಿ ಇಲ್ಲಂದ್ರ ನಾ ಕುಬಸಕ್ಕ ಕುಂದ್ರಂಗಿಲ್ಲ. ನಮ್ಮವ್ವನ ಕೂಡ ಸೀದಾ ಕೊಟ್ಟೂರ ಬಸ್ ಹತ್ತತೀನಿ."

ಬಸುರಿಯರ ಸಿಟ್ಟು ಉಪ್ಪಿನಕಾಯಿ ಕೊಟ್ಟರೆ ಇಳಿಯುತ್ತದೆ ಎಂದು ಪಾಲಾಕ್ಷ ಧೈರ್ಯವಾಗಿದ್ದ. ಈ ಸೀಮೆಯಲ್ಲಿ ಸೀಮಂತಕ್ಕೆ ಕುಬಸ ಎನ್ನುವುದು. ಆ ಕುಬಸದ ದಿನ ಬಂತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಲು ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲ್ಲವೂ ಸಜ್ಜಾದವು. ಹೂವಿನ ತಟ್ಟೆಯಲ್ಲಿ ಮಾತ್ರ ಸೇವಂತಿಗೆ ಕೂತಿತ್ತು. ಅದನ್ನು ನೋಡಿದ ಎರ್ರೆಮ್ಮ, "ಇದೇನು ಹುಚ್ಚೋ!" ಎಂದು ಗೊಣಗಿ ಒಳಗೆ ಹೋಗಿ ಕೂತಳು. ಅವಳ ತಲೆಯಲ್ಲಿ ಹೂವಿರಲಿಲ್ಲವಾದ್ದರಿಂದ ಪಾಲಾಕ್ಷ ತಡೆಯಲಿಲ್ಲ. ಅವನು ಖಾಲಿ ಬುಟ್ಟಿಯೊಂದನ್ನು ಹಿಡಿದು ಬಾಗಿಲಲ್ಲೇ ಕಾವಲು ನಿಂತಿದ್ದ.

"ಚಪ್ಲಿ ಆ ಕಡಿ ಬಿಡ್ರಿ, ಮಲ್ಲಿಗಿ ಇದರಾಗ ಹಾಕ್ರಿ."

ಮೊದಲು ಬಂದ ಓಣಿಯ ಹುಡುಗಿಯರು ಇದೇನೋ ಹೊಸ ಆಟವೆಂದು ಕಿಸಿಕಿಸಿ ನಗುತ್ತ ಹೂ ಬಿಚ್ಚಿ ಹಾಕಿದರು. ಅವರ ಹಿಂದೆಯೇ ಪಾಲಾಕ್ಷನ ಅತ್ತೆ ಲಕ್ಷ್ಮಿದೇವಿ ಬಸ್ಸಿಳಿದು ಬಂದಳು. ತಲೆ ತುಂಬ ಮಲ್ಲಿಗೆ. ಕಂಕುಳಲ್ಲಿ ಬಾಳೆಲೆಯಲ್ಲಿ ಸುತ್ತಿದ ಮೊಗ್ಗಿನ ಗಂಟು. ಮಗಳ ಜಡೆಗೆಂದೇ ಬಸ್‌ಸ್ಟ್ಯಾಂಡಿನಲ್ಲಿ ಆರಿಸಿ ತಂದಿದ್ದಳು.

ಪಾಲಾಕ್ಷ ವಿನಯದಿಂದಲೇ ಬುಟ್ಟಿ ಚಾಚಿದ. "ಅತ್ತಿ, ತಲಿಯಾನ ಹೂ ತಗದು ಇದರಾಗ ಹಾಕಿ ಒಳಗ ಬರ್ರಿ."

ಮುತ್ತೈದೆಗೆ, ಅದೂ ಹೆಣ್ಣು ಕೊಟ್ಟ ಅತ್ತೆಗೆ, ಶುಭಕಾರ್ಯದ ಹೊಸ್ತಿಲಲ್ಲಿ ಯಾರೂ ಆಡಬಾರದ ಮಾತು ಅದು. ತಾನು ಆಡಿದ್ದು ಎಂಥ ಮಾತೆಂದು ತಿಳಿಯದವನು ಅಲ್ಲಿ ಅವನೊಬ್ಬನೇ.

"ಏನಂದ್ರಿ ಅಳಿಯಂದ್ರ?" ಲಕ್ಷ್ಮಿದೇವಿ ಮೊಗ್ಗಿನ ಗಂಟನ್ನು ಎದೆಗವಚಿಕೊಂಡಳು. "ನನ್ನ ಗಂಡ ಕೊಟ್ಟೂರಾಗ ಕಲ್ಲಿನಂಗ ಅದಾನ್ರೀ. ಅವ ಇರೋತನ ನನ್ನ ತಲಿಯಾನ ಹೂ ತಗಿ ಅನ್ನಾಕ ನೀವ್ಯಾರು? ಅಮೃತಾ! ಬಟ್ಟಿ ತಗೋ, ನಡಿ. ಕುಬಸ ನಮ್ಮ ಮನ್ಯಾಗ ಮಾಡ್ತೀನಿ. ಕೂಸನ್ನ ನೋಡಾಕ ಯಾರ್ ಬರ್ತಾರ ನಾನೂ ನೋಡ್ತೀನಿ."

ಅಮೃತಾ ಆಗಲೇ ಬ್ಯಾಗು ಹಿಡಿದು ಪಡಸಾಲೆಗೆ ಬಂದಿದ್ದಳು. ಹಸಿರು ಸೀರೆ, ಬೋಳು ಜಡೆ, ಕೆಂಪಾದ ಕಣ್ಣು. ಅವಳು ನಿಜವಾಗಿ ಹೊರಟೇಬಿಡುತ್ತಾಳೆ ಎಂದು ಪಾಲಾಕ್ಷನಿಗೆ ಆಗ ಗೊತ್ತಾಯಿತು. ಆದರೂ ನಾಲಿಗೆ ಸೋಲಲಿಲ್ಲ. ಬುಟ್ಟಿಯನ್ನು ತಲೆಯ ಮೇಲೆತ್ತಿ, ಸಭೆಯನ್ನುದ್ದೇಶಿಸಿ, ತನ್ನ ಮಹಾಸಂಶೋಧನೆಯನ್ನು ಲೋಕಾರ್ಪಣೆ ಮಾಡಿದ.

"ಯಾರೂ ಸಿಟ್ಟಾಗಬ್ಯಾಡ್ರಿ! ಮಲ್ಲಿಗಿ ಹಾಲು ಬತ್ತಸ್ತತಿ! ನನ್ನ ಹೆಂಡ್ತಿ ಎದಿಹಾಲಿಗೆ ತ್ರಾಸ ಆಗಬಾರದಂತ ನಾ ಇಷ್ಟು ಮಾಡಾಕತ್ತೀನಿ. ಬೇಕಾರ ಎರ್ರೆಮ್ಮಜ್ಜಿನ್ನ ಕೇಳ್ರಿ!"

ಎರ್ರೆಮ್ಮ ಹಣೆ ಚಚ್ಚಿಕೊಂಡಳು. "ಎಪ್ಪಾ, ನಾ ಹೇಳಿದ್ದು ಬೆಳದ ಕೂಸಿಗೆ ಹಾಲು ಬಿಡಸಾಗ, ಎದಿಗೆ ಬಿಗದು ಕಟ್ಟೋ ಮಾತು. ತಲಿಗೆ ಮುಡದ್ರ ಏನಾಗ್ತತಿ? ಈ ಊರಾಗ ಹೂ ಮುಡೀದ ಹಡದಾಕಿ ಯಾರು ಅದಾಳ, ತೋರಿಸು."

"ನಿಮಗ ಗೊತ್ತಾಗಂಗಿಲ್ಲ ಅಜ್ಜಿ. ಅದು ಒಳಗಿಂದೊಳಗ ಬತ್ತಸ್ತತಿ," ಎಂದ ಪಾಲಾಕ್ಷ.

ಆಗ ಅಡುಗೆಮನೆಯಿಂದ ಶಿವಮ್ಮ ಹೊರಗೆ ಬಂದಳು. ಕೈಯಲ್ಲಿ ಆರತಿ ತಟ್ಟೆ. ಮಗನನ್ನು ಮೇಲಿಂದ ಕೆಳಗೆ ನೋಡಿದಳು.

"ತಲಿನೋವು ಅಂದಿದ್ದಿ. ಇದೇನಲೇ ಮೂಳ, ನಿನ್ನ ತಲಿನೋವು?"

"ಬೇ, ನೀ ಸುಮ್ಕಿರು. ನಿನಗಿದು ತಿಳಿಯಂಗಿಲ್ಲ."

"ನನಗ ತಿಳಿಯಂಗಿಲ್ಲ?" ಶಿವಮ್ಮ ತಟ್ಟೆಯನ್ನು ಎರ್ರೆಮ್ಮನ ಕೈಗೆ ಕೊಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕೇಳ್ರೆವ್ವಾ, ಇವಂದು. ಸಾಲಿಗೆ ಹಚ್ಚೋ ವಯಸ್ಸಾತು, ಹಾಲು ಬಿಡವಲ್ಲ. ತೋಟದಾಗಿನ ಹೂವೆಲ್ಲಾ ತಂದು ಎದಿಗೆ ಬಿಗದು ಕಟ್ಟಿದೆ. ಇವ ಏನ್ ಮಾಡ್ದ? ದಂಡಿ ಬಿಚ್ಚಿ ತನ್ನ ಕೊಳ್ಳಾಗ ಹಾಕ್ಕೊಂಡು, ಮದುಮಗನಂಗ ತೊಡಿ ಮ್ಯಾಲೆ ಕುಂತು ಕುಡದ! ಬೇವಿನ ರಸ ಹಚ್ಚಿದೆ. ಮಾರಿ ಕಿವಿಚಿಕೊಂತ ಕುಡದ. ಕಡೀಗೆ ಸಾಲಿ ಮಾಸ್ತರು ಮನಿಗೆ ಬಂದು ಬೈದ ಮ್ಯಾಲೆ ಬಿಟ್ಟ. ಅದೂ ಸಾಲಿ ಇದ್ದ ದಿನ ಅಷ್ಟ. ರವಿವಾರ ಬಿಡ್ಲಿಲ್ಲ!"

ಮೊದಲು ಒಬ್ಬ ಹುಡುಗಿ ನಕ್ಕಳು. ಆಮೇಲೆ ಇಡೀ ಪಡಸಾಲೆ ನಕ್ಕಿತು. ಹೊಸ್ತಿಲಲ್ಲಿ ಕೆಂಡವಾಗಿ ನಿಂತಿದ್ದ ಲಕ್ಷ್ಮಿದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತು ನಕ್ಕಳು. ಅಳಿಯನ ಮೇಲಿನ ಸಿಟ್ಟನ್ನು ಮತ್ತೆ ತಂದುಕೊಳ್ಳಲು ಅವಳು ಪ್ರಯತ್ನಿಸಿದ್ದು ನಿಜ. ಆದರೆ ಅವನ ಮುಖ ನೋಡಿದೊಡನೆ ಕೊರಳಲ್ಲಿ ಹೂವಿನ ದಂಡೆ ಹಾಕಿಕೊಂಡ ಆ ಮದುಮಗ ಕಣ್ಣಿಗೆ ಕಟ್ಟುತ್ತಿದ್ದ.

ಶಿವಮ್ಮ ಸೊಸೆಯ ಕೈಯಿಂದ ಬ್ಯಾಗು ಇಸಿದುಕೊಂಡಳು. "ಹೆದರಬ್ಯಾಡವ್ವ. ಕಟ್ಟಿದ್ರೂ ಬತ್ತಲಿಲ್ಲ ನನಗ, ಇವ ಕುಡಿಯೋದು ನಿಲ್ಲಸಲಿಲ್ಲ ನೋಡು, ಅದಕ್ಕ. ನಿನ್ನ ಕೂಸೂ ಕುಡಿಯಾಕ ಹತ್ತಿದ್ರ ಹಾಲು ತಾನ ಬರ್ತತಿ. ಕುಂದ್ರು, ಜಡಿ ಹಾಕ್ತೀವಿ."

ಅಮೃತಾ ಕೂತಳು. ಅಂಗಳದಲ್ಲಿ ಅಡ್ಡಾಡಿದ ಆ ಸಂಜೆಯಿಂದ ಅವಳ ಎದೆಯಲ್ಲಿ ಕೂತಿದ್ದ ಭಯ ಆ ನಗುವಿನಲ್ಲಿ ಎದ್ದು ಹೋಗಿತ್ತು. ಬಾಳೆಲೆಯ ಗಂಟು ಬಿಚ್ಚಿತು. ತಲೆಯಿಂದ ಸೊಂಟದವರೆಗೆ ಮೊಗ್ಗಿನ ಜಡೆ ಇಳಿಯಿತು. ಮನೆಯೆಲ್ಲ ಘಮ್ಮೆಂದಿತು. ಫೋಟೋ ತೆಗೆಯುವವನು ಪಾಲಾಕ್ಷನನ್ನೂ ಕರೆದ. ಅವನು ಬುಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೆಂಡತಿಯ ಪಕ್ಕ ನಿಂತು, ಸೋತವನಂತೆ ಕಾಣಬಾರದೆಂದು ಗಂಟಲು ಸರಿಮಾಡಿಕೊಂಡ.

"ಏನ ಆಗ್ಲಿ, ಹೆರಿಗಿ ಆದ ಕೂಡ್ಲೆ ಅಂಗಡಿ ಮುಚ್ಚಿ ಕೊಟ್ಟೂರಿಗೆ ಬಂದುಬಿಡ್ತೀನಿ. ಬಾಣಂತನ ಮುಗಿಯೋತನ ಅಲ್ಲೇ ಇರ್ತೀನಿ. ಕೂಸಿಗೆ ಹಾಲು ಸಾಲ್ತತೋ ಇಲ್ಲೋ, ಮುಂದ ನಿಂತು ನಾನ ನೋಡ್ಕೊಂತೀನಿ."

ಎರ್ರೆಮ್ಮ ಆರತಿ ತಟ್ಟೆ ಕೆಳಗಿಟ್ಟು ಲಕ್ಷ್ಮಿದೇವಿಯ ಕಡೆ ತಿರುಗಿದಳು.

"ತಂಗಿ, ಕೂಸಿಗೆ ಹಾಲು ಸಾಲಬೇಕಂದ್ರ ಒಂದ ಪಥ್ಯ ಮಾಡಬೇಕು ನೋಡು. ಕೂಸಿಗೆ ಹಲ್ಲು ಬರೋತನ ಇವನ್ನ ಕೊಟ್ಟೂರ ಬಸ್ ಹತ್ತಾಕ ಬಿಡಬ್ಯಾಡ."

ಲಕ್ಷ್ಮಿದೇವಿ ಬಾಯಿ ತೆರೆಯುವ ಮೊದಲೇ "ಹೂಂ ಅಜ್ಜಿ, ಆತು" ಎಂದು ಒಪ್ಪಿಕೊಂಡವಳು ಅಮೃತಾ.