ನೀರುಗುಳ್ಳೆಯ ಕಲೇಜಿ

ಧಾರವಾಡದ ಶಾಕಾಹಾರಿಯೊಬ್ಬ ಮುಂಬಯಿಯ ಕಸಾಯಿಖಾನೆಯಲ್ಲಿ ಮಾಂಸ ತಪಾಸಣೆಗೆ ನಿಂತರೆ, ನಗುವಂಥದ್ದು ದಿನಕ್ಕೊಂದಾದರೂ ನಡೆಯುತ್ತದೆ. ಐವತ್ತರ ದಶಕದಲ್ಲಿ ನನ್ನ ಪಾಲಿಗೆ ಬಂದ ಮೂರನ್ನು ಹೇಳುತ್ತೇನೆ. ಮೂರನೆಯದಕ್ಕೆ ನಾನು ಇವತ್ತಿಗೂ ನೆಟ್ಟಗೆ ನಗಲಾರೆ.

ಡಾಕ್ಟರ್ ವರ

ಸಾಂತಾಕ್ರೂಜಿನ ನನ್ನ ಖೋಲಿಗೆ ಹೆಣ್ಣಿನ ತಂದೆಯೊಬ್ಬರು ಬಂದರು. ವರ ಡಾಕ್ಟರೆಂದು ಯಾರೋ ಹೇಳಿದ್ದರಂತೆ.

“ಕುರಿ, ಆಡಿನ ಡಾಕ್ಟರ್ ರೀ,” ಎಂದೆ.

“ಇರ್ಲಿ ಬಿಡ್ರಿ. ಕೈಗುಣ ಹೆಂಗದ? ಪೇಶಂಟ್ ಆರಾಮ ಆಗ್ತಾವೇನು?”

“ನನ್ನ ಮುಂದ ಬರೂ ಹೊತ್ತಿಗೆ ಎಲ್ಲಾ ಸತ್ತೇ ಇರ್ತಾವ್ರಿ.”

ಅವರು ಚಹಾ ಅರ್ಧಕ್ಕೇ ಬಿಟ್ಟು ಲೋಕಲ್ ಹಿಡಿದರು.

ತಪ್ಪು ಯಾರದು

ಒಬ್ಬ ಕಸಾಯಿಯ ಆಡಿನ ಕಲೇಜಿಯ, ಅಂದರೆ ಲಿವರಿನ, ತುಂಬ ನೀರುಗುಳ್ಳೆಗಳಿದ್ದವು. ಸುಡಬೇಕೆಂದೆ. ಅವನು ಜಗಳಕ್ಕೆ ನಿಂತ. ನಾನು ಹಿಂದಿಯಲ್ಲಿ ಪಾಠ ಶುರುಮಾಡಿದೆ: ನಾಯಿಯ ಹೊಟ್ಟೆಯಲ್ಲಿ ಹುಳು, ಅದರ ಮೊಟ್ಟೆ ಹುಲ್ಲಿಗೆ, ಹುಲ್ಲು ಮೇಯ್ದ ಆಡಿಗೆ ಗುಳ್ಳೆ, ಗುಳ್ಳೆ ತಿಂದ ನಾಯಿಗೆ ಮತ್ತೆ ಹುಳು, ಆ ನಾಯಿಯನ್ನು ಸವರಿದ ಕೈಯಲ್ಲೇ ಉಂಡರೆ ಮನುಷ್ಯನಿಗೂ ಗುಳ್ಳೆ. ಅವನು ಕೈಕಟ್ಟಿ ಪೂರ್ತಿ ಕೇಳಿಸಿಕೊಂಡು ಹೇಳಿದ.

“ಅಂದರೆ ತಪ್ಪು ನಾಯಿಯದು ಸಾಹೇಬ್. ಅದನ್ನು ಹಿಡಿಯಿರಿ, ನನ್ನ ಆಡನ್ನು ಬಿಡಿ.”

ಅಜ್ಜನ ನಾಯಿ

ನಾನು ಬೇಡವೆಂದ ಕಲೇಜಿಯನ್ನು ಸುಡುವ ಕೆಲಸ ವಿಜಾಪುರದ ಕಡೆಯ ಒಬ್ಬ ಅಜ್ಜನದು. ಗೇಟಿನ ಪಕ್ಕದ ಖೋಲಿಯಲ್ಲಿ ಅವನಿಗಿದ್ದ ಸಂಸಾರವೆಂದರೆ ಒಂದು ಬೀದಿನಾಯಿ. ಇಬ್ಬರೂ ಒಂದೇ ತಾಟಿನಲ್ಲಿ ರೊಟ್ಟಿ ತಿನ್ನುತ್ತಿದ್ದರು. ಒಂದು ದಿನ ಗುಳ್ಳೆಯ ಕಲೇಜಿಯನ್ನು ಅದಕ್ಕೆ ಹಾಕುವಾಗ ನನ್ನ ಕೈಗೆ ಸಿಕ್ಕಿಬಿದ್ದ.

“ಮಂದಿಗೆ ಬ್ಯಾಡಾದದ್ದು ಇದಕ್ಕರ ಆಗ್ಲಿ ಬಿಡ್ರಿ ಸಾಹೇಬ್ರ,” ಎಂದ.

ನಾಯಿ ಬಾಲ ಅಲ್ಲಾಡಿಸುತ್ತಿತ್ತು. ಇದೊಂದೇ ಸಲ ಎಂದು ಮುಖ ತಿರುಗಿಸಿದೆ. ಆ ಒಂದು ಸಲ ನಾಲ್ಕು ವರ್ಷ ನಡೆಯಿತು. ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ.

ಕೊನೆಗೆ ಅಜ್ಜನ ಹೊಟ್ಟೆ ಬಾತುಕೊಂಡಿತು. ಲಿವರಿನಲ್ಲಿ ದೊಡ್ಡ ನೀರುಗುಳ್ಳೆಯಿದೆ, ಗುಳ್ಳೆಯ ಮಾಂಸ ತಿಂದ ನಾಯಿಯ ಹುಳುವಿನಿಂದ ಬಂದದ್ದು, ಕೊಯ್ದು ತೆಗೆಯಬೇಕು ಎಂದು ಆಸ್ಪತ್ರೆಯ ಡಾಕ್ಟರು ಅಜ್ಜನಿಗೆ ಹೇಳಿದರು. ಮರುದಿನ ಆಪರೇಶನ್ ಟೇಬಲ್ಲಿನಿಂದ ಅವನು ಏಳಲಿಲ್ಲ. ಆಪರೇಶನ್ನಿನ ಹಿಂದಿನ ದಿನ ನಾನು ತಪ್ಪೊಪ್ಪಿಕೊಳ್ಳಲೆಂದೇ ಹೋಗಿದ್ದೆ. ಮಂಚದ ಪಕ್ಕ ಕೂತು ಅವನ ಹೊದಿಕೆ ಸರಿಮಾಡಿದೆ. ಅವನೇ ಕೇಳಿದ.

“ಸಾಹೇಬ್ರ, ನನ್ನ ಕಲೇಜಿನೂ ನಪಾಸ ಏನ್ರಿ?”

“ಇಲ್ಲಜ್ಜಾ, ಪಾಸ್,” ಎಂದೆ.

“ಸುಳ್ಳ ಹೇಳಬ್ಯಾಡ್ರಿ.” ನಕ್ಕು, ಹತ್ತಿರ ಕರೆದು ದನಿ ತಗ್ಗಿಸಿದ. “ಡಾಕ್ಟರಿಗೆ ಒಂದ್ ಮಾತ್ ಹೇಳ್ರಿ. ಕೊಯ್ದು ತಗದದ್ದನ್ನ ನಾಯಿಗೆ ಹಾಕಬ್ಯಾಡಂತ. ಪಾಪ, ಅದಕ್ಕ ಹುಳಾ ಆಗ್ತದ.”