ಕೊಚ್ಚಿಗೆ ಹೋದ ಬಾಳೂರಿನ ಕಲ್ಲು

ಅಭ್ಯಾಸಕ್ಕಿಂತ ದೊಡ್ಡ ಯಜಮಾನ ಮನುಷ್ಯನಿಗೆ ಇನ್ನೊಬ್ಬನಿಲ್ಲ. ನನ್ನ ಯಜಮಾನ ಒಂದು ಕಲ್ಲು. ಬಾಳೂರಿನ ನಮ್ಮ ಮನೆಯಂಗಳ ಇಳಿಜಾರು, ಕಾಫಿ ತೋಟ ಅದಕ್ಕಿಂತ ಇಳಿಜಾರು. ಜೀಪು ನಿಲ್ಲಿಸಿದೊಡನೆ ಹಿಂದಿನ ಚಕ್ರಕ್ಕೊಂದು ಕಲ್ಲು ಕೊಡದಿದ್ದರೆ ನಮಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹ್ಯಾಂಡ್‌ಬ್ರೇಕ್ ನಂಬಿದವನಿಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದರು ನಮ್ಮಪ್ಪ. ಹಾಗಾಗಿ ನನ್ನ ಸೀಟಿನಡಿ ಒಂದು ಒಳ್ಳೆಯ ಕಲ್ಲು ಸದಾ ಇರುತ್ತದೆ.

ಅಂಥ ನಾನು ಮಗಳನ್ನು ಕೊಚ್ಚಿಗೆ ಕೊಟ್ಟೆ. ಬೀಗರು ಮಂಗಳೂರಿನಿಂದ ಹೋಗಿ ಅಲ್ಲಿ ನೆಲೆಸಿದವರು; ಮುತ್ತಜ್ಜನ ಕಾಲದಿಂದ ಹಡಗಿಗೆ ಕಾಳುಮೆಣಸು ಹತ್ತಿಸಿದ ಮನೆತನ. ಮದುವೆಯಾದ ಮೇಲೆ ಮೊದಲ ಸಲ ಅವರ ಮನೆಗೆ ಹೊರಟಾಗ ಹೆಂಡತಿ ಸುಮಿತ್ರೆ ಎಚ್ಚರಿಸಿದಳು: "ಅಲ್ಲಿ ಕಾಡಿನವರ ಹಾಗೆ ಆಡ್ಬೇಡಿ. ನಾವು ಎರಡು ದಿನ ಇದ್ದು ಬರ್ತೀವಿ, ಮಗಳು ಅಲ್ಲೇ ಬಾಳ್ಬೇಕು." ನನಗಿದ್ದ ಭಯವೂ ಅದೇ. ನನ್ನಿಂದ ಅವಳು ತಲೆ ತಗ್ಗಿಸುವಂತಾದರೆ ಯಾವ ಮುಖ ಹೊತ್ತು ಮರಳಲಿ?

ಕೊಚ್ಚಿಯೋ, ದೋಸೆಕಲ್ಲಿನಷ್ಟು ಮಟ್ಟಸ. ಎಲ್ಲಿ ನೋಡಿದರೂ ಮನೆ, ಅಂಗಡಿ, ಅಂಗಡಿಯ ಹಿಂದೆ ನೀರು. ತಿರುವೇ ಇಲ್ಲದ ರಸ್ತೆಯಲ್ಲಿ ನಾನು ಹಾರ್ನ್ ಹೊಡೆಯುವುದು, ಸುಮಿತ್ರೆ ತೊಡೆ ಚಿವುಟುವುದು, ಹೀಗೆಯೇ ಹಳೆಯ ಮೆಣಸಿನ ಮಂಡಿಗಳ ಬೀದಿಗೆ ಬಂದೆವು. ಬೀಗರ ಮನೆಯವರೆಲ್ಲ ಬಾಗಿಲಿಗೆ ಬಂದು ಕೈಮುಗಿದರು. ನಾನು ಇಳಿದವನೇ ಬಗ್ಗಿ ಚಕ್ರಕ್ಕೆ ಕಲ್ಲು ಕೊಟ್ಟೆ. ಎದ್ದಾಗ ಎಲ್ಲರೂ ಕಲ್ಲನ್ನೇ ನೋಡುತ್ತಿದ್ದರು.

"ಇದು ಎಲ್ಲಿಗೆ ಓಡ್ತದೆ ಗೌಡ್ರೆ? ಇಲ್ಲಿ ನೀರಿಗೇ ಹರೀಲಿಕ್ಕೆ ದಾರಿ ಸಿಗೂದಿಲ್ಲ" ಎಂದರು ಬೀಗರು. ನನ್ನ ಕಿವಿ ಬಿಸಿಯಾಯಿತು. ಮಗಳು ಮೆಟ್ಟಿಲಿಳಿದು ಬಂದು ಕಲ್ಲನ್ನು ಕಾಲಿನಿಂದ ಇನ್ನೊಂದಿಷ್ಟು ಒತ್ತಿ, "ಸರಿಯಾಗಿ ಕೊಡಿ ಅಪ್ಪ, ಜಾರುತ್ತೆ" ಎಂದಳು. ಬೀಗರು ಹೊಟ್ಟೆ ಹಿಡಿದು ನಕ್ಕರು. "ಅಲ್ಲ ಮಾರಾಯ್ರೆ, ಇವಳು ಬಂದ ಮಾರನೇ ದಿನ ನಮ್ಮ ಕಾರಿಗೆ ಇಟ್ಟಿಗೆ ಕೊಟ್ಟಿದ್ಳು. ನಿಮ್ಮ ಕಡೆಯ ಏನೋ ಶಾಸ್ತ್ರ ಇರಬೇಕು ಅಂತ ನಾವು ತೆಗೀಲೇ ಇಲ್ಲ." ನಿಜಕ್ಕೂ ಅವರ ಕಾರಿನ ಚಕ್ರದಡಿ ಇಟ್ಟಿಗೆಯಿತ್ತು, ಅದಕ್ಕೆ ಯಾರೋ ಅರಿಶಿನ ಕುಂಕುಮ ಬೇರೆ ಹಚ್ಚಿದ್ದರು. ನನಗೆ ಹೋದ ಜೀವ ಬಂದಂತಾಯಿತು.

ಎರಡು ದಿನ ಮೀನು ಬಿಟ್ಟು ಬೇರೇನೂ ಯೋಚಿಸದೆ ಕಳೆದು ಊರಿಗೆ ಮರಳಿದೆವು. ಅಂಗಳದಲ್ಲಿ ಜೀಪು ನಿಲ್ಲಿಸಿ, ಇಳಿದು, ಸೀಟಿನಡಿ ಕೈಹಾಕಿದೆ. ಕಲ್ಲಿಲ್ಲ. ನಾನು ತಡಕಾಡುತ್ತಿರುವಾಗಲೇ ಜೀಪು ಮೆಲ್ಲನೆ ಹಿಂದೆ ಸರಿದು ಕಾಫಿ ಗಿಡಗಳ ನಡುವೆ ಹೋಗಿ ಕೂತಿತು. ಮಗಳಿಗೆ ಫೋನ್ ಮಾಡಿದೆ.

"ನಿಮ್ಮ ಕಲ್ಲು ಇಲ್ಲೇ ಇದೆ ಅಪ್ಪ," ಎಂದಳು. "ಮಾವ ಇಟ್ಟಿಗೆ ತೆಗೆದು ಅದನ್ನೇ ಕೊಟ್ಟಿದ್ದಾರೆ. ಬೀಗರು ತಂದದ್ದಂತೆ, ವಾಪಸ್ ಕೊಡೋ ಹಾಗಿಲ್ಲವಂತೆ."