ಹೊಸಿಲು ಒಣಗುವ ತನಕ

ಬಣ್ಣ ಹಚ್ಚಿದ ಮರವನ್ನು ಒಂದು ಹಗಲು, ಒಂದು ರಾತ್ರಿ ಯಾರೂ ಮುಟ್ಟಕೂಡದು, ತುಳಿಯಕೂಡದು, ಅದಕ್ಕೆ ನೀರು ಸೋಕಿಸಕೂಡದು. ನಿಯಮ ಇಷ್ಟೇ. ಇದು ನಾನು ಹುಟ್ಟಿಸಿದ್ದಲ್ಲ. ಬಣ್ಣದ ಡಬ್ಬದ ಹಿಂಬದಿಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ನಾನು ಅದನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬಾಗಿಲು, ಕಿಟಕಿ, ಹೊಸಿಲು, ಈಚೆಗೆ ಶುರುವಾಗಿರುವ ಮರದ ಡೆಕ್ಕು, ಇವಕ್ಕೆಲ್ಲ ಬಣ್ಣ, ಪಾಲಿಶ್ ಮಾಡಿಸುವ ಕೆಲಸ ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ವರ್ಷವೂ ಮನೆಯವರಿಗೆ ನಿಯಮ ಹೇಳಿದ್ದೇನೆ. ಅಷ್ಟು ವರ್ಷವೂ ಅವರು "ಆಯ್ತು ಸಾರ್" ಅಂದಿದ್ದಾರೆ. ಬೆನ್ನು ತಿರುಗಿಸಿದ ಮೇಲೆ ಆಗಬೇಕಾದ್ದು ಆಗಿದೆ.

ನನ್ನ ಜೊತೆ ಮೊದಲಿನಿಂದಲೂ ಒಬ್ಬ ಮೇಸ್ತ್ರಿ ಇದ್ದಾರೆ. ಬ್ರಷ್ ಹಿಡಿದರೆ ಕೈ ನಡುಗುವುದಿಲ್ಲ, ಬಾಯಿ ನಿಲ್ಲುವುದಿಲ್ಲ. ಹೋದ ಯುಗಾದಿಯ ಮರುದಿನ ಅವರು ಕಟ್ಟೆಯ ಮೇಲೆ ಕೂತು ಹೇಳಿದರು:

"ನಿಮ್ ರೂಲ್ಸು ಡಬ್ಬುದ್ ಮೇಲಿದ್ರೇ ಚೆಂದ ಸಾ. ಬಾಗ್ಲುಗೆ ಯಾವತ್ತಾರ ಅಂಟ್ಕಂಡದಾ?"

ನನಗೆ ರೇಗಿತು. "ಮುಂದಿನ ಯುಗಾದಿಯೊಳಗೆ ಒಂದೇ ಒಂದು ಹೊಸಿಲು ನಿಯಮದ ಪ್ರಕಾರ ಒಣಗಿದ್ದನ್ನು ನಿಮಗೆ ತೋರಿಸ್ತೀನಿ. ತೋರಿಸದಿದ್ದರೆ ಇನ್ನು ಈ ಮಾತನ್ನೇ ಎತ್ತಲ್ಲ" ಅಂದೆ.

"ಎತ್ತಂಗಿಲ್ಲ ಮತ್ತೆ" ಅಂದರು ಮೇಸ್ತ್ರಿ, ಬೀಡಿ ಆರಿಸುತ್ತ.

ಇಪ್ಪತ್ತು ವರ್ಷ ಆಡಿದ ಮಾತನ್ನು ನುಂಗುವುದು ಹುಡುಗಾಟವಲ್ಲ. ಆ ಒಂದು ವರ್ಷ ನಾನು ಹೊಸಿಲುಗಳನ್ನು ಕಾದಂತೆ ಯಾರೂ ಗದ್ದೆ ಕಾದಿರಲಾರರು.

ಬೋರ್ಡು

ಮೊದಲ ಮನೆ ಮಂಡ್ಯದಲ್ಲಿ, ಒಬ್ಬ ಬ್ಯಾಂಕ್ ಅಧಿಕಾರಿಯದು. ವಿದ್ಯಾವಂತರ ಬಡಾವಣೆ. ಬಾಯಲ್ಲಿ ಹೇಳುವುದಕ್ಕಿಂತ ಬರೆದು ಹಾಕುವುದು ಮೇಲು ಎಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ "ಬಣ್ಣ ಹಸಿ ಇದೆ, ಮುಟ್ಟಬೇಡಿ" ಎಂದು ಬರೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಕೆಳಗೆ ಇಂಗ್ಲಿಷಿನಲ್ಲೂ ಬರೆದೆ.

ಸಂಜೆ ಬಂದು ನೋಡಿದರೆ ಬಾಗಿಲಿನ ಮೇಲೆ ಎಣಿಸಿ ಒಂಬತ್ತು ಬೆರಳಿನ ಗುರುತು. ಅಧಿಕಾರಿಗಳನ್ನೇ ಕೇಳಿದೆ. ಅವರು ನಾಚಿಕೊಂಡು, "ಒಂದು ನಂದು. ಬೋರ್ಡು ಇನ್ನೂ ಇತ್ತಲ್ಲ, ನಿಜವಾಗಿ ಹಸಿ ಇದೆಯೋ, ತೆಗೆಯೋದು ಮರೆತಿದ್ದೀರೋ ಅಂತ ನೋಡಿದೆ" ಅಂದರು. ಎದುರು ಮನೆ ಮೇಷ್ಟ್ರು ಅದೇ ಕಾರಣಕ್ಕೆ ನೋಡಿದ್ದರು. ಪೇಪರಿನವನು, ಗ್ಯಾಸಿನವನು, ಕೊರಿಯರ್‌ನವನು, ಎಲ್ಲರೂ ನಿಂತು, ಓದಿ, ಪರೀಕ್ಷಿಸಿ ಹೋಗಿದ್ದರು.

ಮೇಸ್ತ್ರಿ ಗೇಟಿನ ಹತ್ತಿರ ಮಲಗಿದ್ದ ಬೀದಿನಾಯಿಯನ್ನು ತೋರಿಸಿದರು. "ಬೆಳಗಿಂದ ಇಲ್ಲೇ ಬಿದ್ದದೆ ಸಾ. ಅದೊಂದೇ ಮುಟ್ನಿಲ್ಲ. ಅದ್ಕೆ ಓದಕ್ ಬರಕಿಲ್ಲ."

ಶುಕ್ರವಾರ

ಎರಡನೆಯದು ಮದ್ದೂರಿನಲ್ಲಿ. ಮನೆಯ ಯಜಮಾನಿ ಬಹಳ ಭಕ್ತೆ. ಬೆಳಗಾದರೆ ಹೊಸಿಲು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ರಂಗೋಲಿ ಎಳೆದ ಮೇಲೇ ಕಾಫಿ. ಹೊಸಿಲಿಗೆ ಕಂದು ಬಣ್ಣ ಹಚ್ಚಿದ್ದು ಗುರುವಾರ ಸಾಯಂಕಾಲ. ನಾನು ಕೈಮುಗಿದು ಕೇಳಿಕೊಂಡೆ: "ಅಮ್ಮಾ, ನಾಳೆ ಒಂದು ದಿನ ನೀರು ಹಾಕಬೇಡಿ."

"ದೇವ್ರಾಣೆ ಒಂದು ತೊಟ್ಟೂ ನೀರು ಹಾಕಲ್ಲ ಸಾರ್" ಅಂದರು. ದೇವರ ಹೆಸರು ಬಂದಮೇಲೆ ನಾನು ನಂಬಿದೆ.

ಶುಕ್ರವಾರ ಹತ್ತು ಗಂಟೆಗೆ ಹೋಗಿ ನೋಡುತ್ತೇನೆ, ಹೊಸಿಲು ಕಂದೂ ಅಲ್ಲ ಹಳದಿಯೂ ಅಲ್ಲ, ಒಣಗಿದ ಬಾಳೆ ಎಲೆಯ ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿದೆ.

"ಆಣೆ ಮಾಡಿದ್ರಲ್ಲಮ್ಮಾ?"

"ಆಣೆ ಮುರಿದಿಲ್ಲ ಸಾರ್. ನೀರು ಹಾಕೇ ಇಲ್ಲ. ಗಂಜಲದಲ್ಲಿ ಅರಿಶಿನ ಕಲಸಿ ಬಳಿದೆ."

ಪುಣ್ಯಕ್ಕೆ ಆಕೆಗೆ ಬೇಸರವೇನೂ ಇರಲಿಲ್ಲ. ತಿಂಗಳ ಮೇಲೆ ಅವರೇ ಫೋನ್ ಮಾಡಿದರು: "ಸಾರ್, ಅರಿಶಿನ ಬಣ್ಣಕ್ಕೇ ಕಚ್ಚಿಕೊಂಡಿದೆ, ಎಷ್ಟು ಉಜ್ಜಿದರೂ ಹೋಗ್ತಿಲ್ಲ, ದಿನಾ ಬಳಿಯೋ ಕೆಲಸವೇ ತಪ್ಪಿತು. ನನ್ನ ತಂಗಿ ಮನೆಗೂ ಇದೇ ಥರ ಹಾಳು ಮಾಡಿಕೊಡ್ತೀರಾ?"

ಹಾರಬಹುದು

ಬೆಸಗರಹಳ್ಳಿಯ ಮನೆಯಲ್ಲಿ ನಾನು ಸ್ವಲ್ಪ ಸಡಿಲ ಬಿಟ್ಟೆ. ಅದು ನನ್ನ ತಪ್ಪು. ಬೆಳಗ್ಗೆ ಬಣ್ಣ, ಸಂಜೆ ಗೃಹಪ್ರವೇಶ. ಮುಹೂರ್ತ ಮುಂದೂಡಲು ಬರುವುದಿಲ್ಲ. "ತುಳಿಯದೆ ದಾಟುವುದಾದರೆ ದಾಟಲಿ" ಅಂದೆ.

ಅರವತ್ತು ಜನ ನೆಂಟರು. ಹೆಂಗಸರು ಸೀರೆ ನೆರಿಗೆ ಎತ್ತಿ ಹಿಡಿದು ದಾಟಿದರು, ಮಕ್ಕಳನ್ನು ಎತ್ತಿ ದಾಟಿಸಿದರು, ಕಾಲು ನೋವಿನ ಒಬ್ಬ ತಾತನನ್ನು ಕುರ್ಚಿಯ ಸಮೇತ ಆಚೆಯಿಂದ ಈಚೆಗೆ ಕೈಬದಲಾಯಿಸಿದರು. ಹೊಸಿಲು ಕನ್ನಡಿಯ ಹಾಗೆ ಹೊಳೆಯುತ್ತಲೇ ಇತ್ತು. ಮೇಸ್ತ್ರಿಯ ಕಡೆ ನೋಡಿ ನಾನು ಮೀಸೆ ತಿರುವಬೇಕು, ಅಷ್ಟರಲ್ಲಿ ಕೊನೆಯವರಾಗಿ ಯಜಮಾನರ ಭಾವ ಬಂದರು. ನಿವೃತ್ತ ಪಿ.ಟಿ. ಮೇಷ್ಟ್ರು.

"ಎಲ್ಲಾ ಪಕ್ಕಕ್ಕೆ ಸರೀರಿ. ನಾನು ಲಾಂಗ್ ಜಂಪಿನಲ್ಲಿ ಜಿಲ್ಲೆಗೇ ಫಸ್ಟು" ಎಂದವರೇ ಪಂಚೆ ಎತ್ತಿಕಟ್ಟಿ ತೆಂಗಿನಮರದವರೆಗೂ ಹಿಂದೆ ಹೋದರು. ಅಲ್ಲಿಂದ ಓಡಿ ಬಂದು, ಬಲಗಾಲನ್ನು ಹೊಸಿಲಿನ ನಟ್ಟನಡುವೆ ಊರಿ, ಚಿಮ್ಮಿ, ಹಾಲು ಉಕ್ಕಿಸುವ ಜಾಗದಲ್ಲಿ ಇಳಿದರು.

ನಾನು ತಲೆ ಮೇಲೆ ಕೈ ಹೊತ್ತು ನಿಂತಿದ್ದೆ. ಅವರು ಏದುಸಿರು ಬಿಡುತ್ತ ನನ್ನನ್ನೇ ದಬಾಯಿಸಿದರು: "ಹಲಗೆ ಮೇಲೆ ಕಾಲಿಡದೆ ಹಾರಿದರೆ ಅದು ಜಂಪೇ ಅಲ್ಲ ಸಾರ್!"

ಅವತ್ತಿನಿಂದ ನಿಯಮಕ್ಕೆ "ದಾಟಲೂ ಕೂಡದು" ಎಂದು ಒಂದು ತಿದ್ದುಪಡಿ ಸೇರಿಸಿದೆ.

ಡೆಕ್ಕು

ಮಳವಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಒಬ್ಬ ರೈತರು ಕಬ್ಬಿನ ಗದ್ದೆಯ ಮಗ್ಗುಲಲ್ಲಿ ಹೋಂಸ್ಟೇ ಕಟ್ಟಿಸಿದ್ದರು. ಎದುರಿಗೆ ಸಾಗುವಾನಿ ಹಲಗೆ ಹಾಸಿದ ದೊಡ್ಡ ಡೆಕ್ಕು, ಬಯಲು ಜಗಲಿಯಂಥದು, ಬಿಸಿಲಿಗೆ ಮೈ ಒಡ್ಡಿ ಕೂರಲು. ಅದಕ್ಕೆ ಎಣ್ಣೆ ಪಾಲಿಶ್ ಕುಡಿಸಿದೆವು. ಹೊಸಿಲು ಅಲ್ಲದಿದ್ದರೂ ನಿಯಮ ನಿಯಮವೇ, ಎಣ್ಣೆಗೆ ಒಂದು ದಿನ ಹೆಚ್ಚು ಅಷ್ಟೇ. "ಎರಡು ದಿನ ಚೆನ್ನಾಗಿ ಒಣಗಲಿ" ಎಂದು ಹೇಳಿ ಬಂದೆ.

ಮೂರನೇ ದಿನ ಹೋದರೆ ಡೆಕ್ಕೇ ಕಾಣಿಸುತ್ತಿಲ್ಲ. ಈ ತುದಿಯಿಂದ ಆ ತುದಿಗೆ ಹುರುಳಿಕಾಳು ಹರಡಿದೆ. ರೈತರ ತಾಯಿ ನಡುವೆ ನಿಂತು ಕಾಲಲ್ಲಿ ಕೆದಕುತ್ತಿದ್ದಾರೆ. ಕಾಳು ಮಾತ್ರ ಮಿಸುಕುತ್ತಿಲ್ಲ.

"ಏನ್ ಮಾಡಿದ್ದೀರಿ ಇದು?" ಅಂದೆ.

"ಒಣಗ್ಲಿ ಅಂತ ನೀವೇ ಅಂದ್ರಲ್ಲ" ಅಂದರು ರೈತರು. "ಎಂಗೂ ಅದೂ ಒಣಗ್ತಾ ಬಿದ್ದಿರ್ತದೆ, ಜೊತೇಲಿ ಇದೂ ಒಣಗ್ಲಿ ಅಂತ ಅವ್ವ ಉಯ್ಬುಟ್ಳು. ಇಂಥಾ ಕಣ ಊರಲ್ಲಿ ಯಾರಿಗದೆ ಯೋಳಿ?"

ಕೆರೆದಷ್ಟು ಕೆರೆದೆವು. ಹಲಗೆಗಳ ಸಂದಿನಲ್ಲಿ ಸೇರಿಕೊಂಡದ್ದು ಬರಲಿಲ್ಲ. ಹದಿನೈದು ದಿನಕ್ಕೆ ಅಕಾಲದ ಮಳೆ ಒಂದು ಸುರಿಯಿತು. ಅದಾದ ಮೂರನೇ ಬೆಳಗ್ಗೆ ರೈತರ ಫೋನು.

"ಸಾ, ಬಿರ್‍ನೆ ಬನ್ನಿ. ನಿಮ್ ಡೆಕ್ಕು ಮೊಳ್ತದೆ."

ಒಂಬತ್ತನೇ ನಂಬರು

ಇದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಯುಗಾದಿಗೆ ಒಂದು ತಿಂಗಳು ಉಳಿದಾಗ, ಊರವರ ಹೊಸಿಲನ್ನು ನಂಬಿ ಕೆಟ್ಟೆ, ನನ್ನ ಮನೆಯ ಹೊಸಿಲು ನನ್ನ ಕೈಯಲ್ಲೇ ಇದೆಯಲ್ಲ ಎಂದು ಹೊಳೆಯಿತು. ಬಣ್ಣ ಹಚ್ಚಿಸಿದೆ. ಹೆಂಡತಿಗೆ ನಿಯಮವನ್ನು ಎರಡು ಸಲ ಹೇಳಿದೆ. ಅವಳು ಸುಮ್ಮನೆ ಹಿಂಬಾಗಿಲಿನಿಂದ ಓಡಾಡಿದಳು. ಮಾರನೇ ಬೆಳಗ್ಗೆ ಮೇಸ್ತ್ರಿ ಬಂದು ಹೊಸಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮಧ್ಯದಲ್ಲಿ ಒಂದು ಬೂಟಿನ ಅಚ್ಚು, ಹಿಮ್ಮಡಿಯ ನಂಬರೂ ಸೇರಿದಂತೆ.

"ಒಂಬತ್ತು" ಎಂದು ಓದಿದರು. ಅವರಿಗೂ ಅಂಕಿ ಓದಲು ಬರುತ್ತದೆ.

ಹಿಂದಿನ ಸಂಜೆ ಕಾರಿನಲ್ಲಿ ಕನ್ನಡಕ ಮರೆತಿದ್ದೆ. ತರಲು ಮುಂಬಾಗಿಲಿನಿಂದಲೇ ಹೋಗಿದ್ದೆ. ಕನ್ನಡಕ ಇಲ್ಲದ್ದರಿಂದ ಹೊಸಿಲು ಕಾಣಲಿಲ್ಲ.

ಒಳಗಿನಿಂದ ನನ್ನ ಹೆಂಡತಿ ಕಾಫಿ ತಂದು ಮೇಸ್ತ್ರಿಗೆ ಕೊಟ್ಟಳು. "ಬಯ್ಯಬೇಡಿ ಮೇಸ್ತ್ರಿ" ಅಂದಳು. "ಇವರಿಗೆ ಯಾರೂ ಇಂಗ್ಲಿಷಿನಲ್ಲಿ ಹೇಳಿರಲಿಲ್ಲ."

ಬಂಡೂರಿನ ಅಜ್ಜಿ

ಯುಗಾದಿಗೆ ನಾಲ್ಕು ದಿನ ಇತ್ತು. ಉಳಿದದ್ದು ಒಂದೇ ಕೆಲಸ, ಬಂಡೂರಿನಲ್ಲಿ ಒಂದು ಹಳೆಯ ಮನೆ. ಮಗ, ಸೊಸೆ, ಎಂಬತ್ತು ದಾಟಿದ ಅಜ್ಜಿ, ಹಿತ್ತಲ ಕೊಟ್ಟಿಗೆಯಲ್ಲಿ ಮೂವತ್ತು ಕುರಿ. ಹೊರಗೆ ಹೋಗಲು ಎರಡೇ ದಾರಿ. ಒಂದು ಮುಂಬಾಗಿಲು, ಇನ್ನೊಂದು ಕುರಿಗಳ ನಡುವೆ.

ಬೆಳಗ್ಗೆ ಹೊಸಿಲಿಗೆ ಬಣ್ಣ ಹಚ್ಚುವ ಮುಂಚೆ ನಿಯಮ ಹೇಳಿದೆ. ಸೊಸೆ ಎಲ್ಲರಂತೆ "ಆಯ್ತು ಸಾರ್" ಅಂದರು. ಅಜ್ಜಿ ಮಾತ್ರ ಕೇಳಿತು: "ಯಾಕಪ್ಪ?"

ಇಪ್ಪತ್ತು ವರ್ಷದಲ್ಲಿ ಯಾಕೆ ಎಂದು ಕೇಳಿದ ಮೊದಲ ಮನುಷ್ಯೆ. ನಾನು ಎದುರಿಗೆ ಕೂತು ವಿವರಿಸಿದೆ. ಬಣ್ಣ ಮೇಲೆ ಗಟ್ಟಿಯಾದಂತೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ, ಆಗ ನೀರೋ ಕಾಲೋ ತಗುಲಿದರೆ ಜನ್ಮಕ್ಕೂ ನೆಟ್ಟಗಾಗುವುದಿಲ್ಲ.

ಅಜ್ಜಿ ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಹಾಕಿಕೊಂಡಿತು. "ಬಾಣಂತಿ ಇದ್ದಂಗೆ ಅನ್ನು. ನೋಡಕ್ ಚೆನ್ನಾಗವ್ಳೆ, ಮೈಯೆಲ್ಲಾ ಅಸಿ. ಬಾಣಂತಿಗೆ ತಣ್ಣೀರು ಸೋಕಿಸ್ತಾರಾ? ಬುಡು, ನಾ ನೋಡ್ಕತೀನಿ."

ಡಬ್ಬದ ಹಿಂದೆ ಹೀಗೆ ಬರೆದಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತು.

ಮೇಸ್ತ್ರಿ ಹೊರಗಿನಿಂದ ಹೊಸಿಲು ಮುಗಿಸಿದರು. ನಾನು ಒಳಗೆ ದೇವರಮನೆಯ ಬಾಗಿಲಿನ ಪಾಲಿಶ್ ಉಜ್ಜಿಸುತ್ತಿದ್ದೆ. ಅಜ್ಜಿ ಒಂದು ಕೋಲು ಹಿಡಿದು ಹೊಸಿಲ ಒಳಗಡೆ ಕೂತಿತು. ಮಧ್ಯಾಹ್ನ ಮಗ ಮಳವಳ್ಳಿಯಿಂದ ಊಟಕ್ಕೆ ಬಂದ.

"ಲೇ, ಸುತ್ತಾಕ್ಕಂಡ್ ಬಾ."

"ಅವ್ವಾ, ಒಂದೆಜ್ಜೆ ಕಣವ್ವಾ..."

"ನಿನ್ನ ಎತ್ತಾಗ ಮೂರ್ ತಿಂಗ್ಳು ಬಿಸ್ನೀರಲ್ಲೇ ಮಿಂದಿವ್ನಿ. ಇದಕ್ಕೆ ಒಂದಿನ ತಡ್ಯಕ್ಕಾಗಕಿಲ್ವಾ ನಿಂಗೆ? ಓಗ್ಲಾ."

ಮಗ ಕುರಿಗಳ ನಡುವೆ ಬಂದ. ಆಮೇಲೆ ಪಂಚಾಯ್ತಿ ಮೆಂಬರು, ಇಸ್ತ್ರಿ ಮಾಡಿದ ಬಿಳಿ ಪಂಚೆಯವರು, ಅವರೂ ಕುರಿಗಳ ನಡುವೆ ಬಂದರು. ಒಳಗೆ ನಿಂತು ನನಗೆ ಹಬ್ಬವೇ ಹಬ್ಬ.

ಐದು ಗಂಟೆಗೆ ಕೆಲಸ ಮುಗಿಯಿತು. ಕಾರು ರಿಪೇರಿಗೆ ಹೋಗಿತ್ತು. ಮಂಡ್ಯಕ್ಕೆ ನೇರ ಹೋಗುವ ಪ್ರೈವೇಟ್ ಬಸ್ಸು ಆಗಲೇ ರಸ್ತೆ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಆಗ ಗಮನಿಸಿದೆ. ನನ್ನ ಬೂಟು ಮುಂಬಾಗಿಲಿನ ಹೊರಗಿದೆ. ನಾನು ಒಳಗಿದ್ದೇನೆ. ಕಾಲಲ್ಲಿ ಬಿಳಿ ಸಾಕ್ಸು. ಹಿತ್ತಲಲ್ಲಿ ಮೂವತ್ತು ಕುರಿ, ಅವುಗಳ ಇಡೀ ದಿನದ ಹಿಕ್ಕೆ.

ಹೊರಗಡೆ ಮೇಸ್ತ್ರಿ ನನ್ನ ಬೂಟನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು. "ಬನ್ನಿ ಸಾ, ಬಸ್ಸು ಬತ್ತಾ ಅದೆ. ಈ ಕಡೆ ಬಂದ್ರೆ ನಾನ್ ಗೆದ್ದೆ, ಆ ಕಡೆ ಓದ್ರೆ ನೀವ್ ಗೆದ್ರಿ."

ನಾನು ಸಾಕ್ಸು ನೋಡಿಕೊಂಡೆ. ಕೊಟ್ಟಿಗೆ ನೋಡಿದೆ. ಇಪ್ಪತ್ತು ವರ್ಷದ ಮಾತು ಒಂದು ಕಡೆ, ಆ ಹತ್ತು ಮಾರು ದೂರ ಒಂದು ಕಡೆ. ಸತ್ಯ ಹೇಳಬೇಕೆಂದರೆ, ಬಸ್ಸು ಇನ್ನೊಂದು ಸಲ ಹಾರ್ನ್ ಹೊಡೆದಾಗ ನಾನು ಪ್ಯಾಂಟು ಮೇಲೆತ್ತಿಕೊಂಡು ಹೊಸಿಲ ಹತ್ತಿರ ಬಂದೆ.

"ಅಜ್ಜಿ, ಸ್ವಲ್ಪ ಸರಿಯಮ್ಮ. ತುಳಿಯಲ್ಲ, ಹಗುರವಾಗಿ ದಾಟಿಬಿಡ್ತೀನಿ."

"ದಾಟಕೂಡ್ದು ಅಂದೋರು ಯಾರು?"

"ನಾನೇ. ಅದಕ್ಕೇ ಹೇಳ್ತಿದ್ದೀನಿ. ನಿಯಮ ಹೇಳಿದವನೇ ಒಪ್ಪಿಗೆ ಕೊಡ್ತಿದ್ದೀನಲ್ಲ."

"ಯೋಳ್ದೋನೇ ಮುರುದ್ರೆ ಸುತ್ತಾಕ್ಕಂಡ್ ಬಂದ ನನ್ ಮಗುಂಗೆ ಏನಪ್ಪಾ ಜವಾಬು ಕೊಡ್ಲಿ?"

"ಅಜ್ಜಿ, ದೀಪ ಹಚ್ಚೋ ಹೊತ್ತಾಯ್ತು. ಮುಂಬಾಗಿಲಿಗೆ ನೀನೇ ಹೀಗೆ ಅಡ್ಡ ಕೂತರೆ ಲಕ್ಷ್ಮಿ ಹೇಗೆ ಬರ್ತಾಳೆ?" ಎಂದು ಕೊನೆಯ ಬಾಣ ಬಿಟ್ಟೆ. ಇಂಥ ಮಾತಿಗೆ ಬಗ್ಗದ ಅಜ್ಜಿಯನ್ನು ನಾನು ಈ ಜಿಲ್ಲೆಯಲ್ಲಿ ಕಂಡಿರಲಿಲ್ಲ.

ಅಜ್ಜಿ ಕೋಲಿನಿಂದ ಹಿತ್ತಲ ಕಡೆ ತೋರಿಸಿತು. ತಿರುಗಿ ನೋಡಿದೆ. ಕುರಿ ಕೊಟ್ಟಿಗೆಯ ಬಾಗಿಲ ಮುಂದೆ ಆಗಲೇ ಸೊಸೆಯ ಕೈಯಲ್ಲಿ ನೀರು ಚಿಮುಕಿಸಿ, ಪುಟ್ಟದಾಗಿ ಎಂಟೆಳೆ ರಂಗೋಲಿ ಬಿಡಿಸಿತ್ತು. ಕೊಟ್ಟಿಗೆಯ ಕಲ್ಲಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ. ಒಂದು ಕುರಿಮರಿ ಅದನ್ನು ಮೂಸುತ್ತಿತ್ತು.

"ಲಕ್ಸ್ಮವ್ವಂಗೇ ಇವತ್ತೊಂದಿನ ಇತ್ಲಿಂದ ಬಾರವ್ವ ಅಂತ ಯೋಳಿವ್ನಿ" ಅಂದಿತು ಅಜ್ಜಿ. "ಅವ್ಳಿಗಿಂತ ದೊಡ್ಡೋನೇನ್ಲಾ ನೀನು? ಕಾಲ್‌ಚೀಲ ಬಿಚ್ಚು."

ಅಂದು, ಕೋಲನ್ನು ಬಾಗಿಲಿಗೆ ಅಡ್ಡ ಇಟ್ಟು, ಅದರ ಹಿಂದೆ ಚಕ್ಕಳಮಕ್ಕಳ ಹಾಕಿಕೊಂಡು ಇನ್ನೂ ಗಟ್ಟಿಯಾಗಿ ಕೂತಿತು.